ಹೋಪಿ ಹಳ್ಳಿಯಲ್ಲಿ ಫೋಟೊ ತೆಗೆಯಬಹುದೆ?

ಪ್ರಶ್ನೆ: ಫೀನಿಕ್ಸ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಗ್ರ್ಯಾಂಡ್ ಕ್ಯಾನಿಯನ್ ಮುಗಿಸಿಕೊಂಡು ಇಲ್ಲಿನ ಮೂಲನಿವಾಸಿಗಳಾದ ಹೋಪಿ ಜನರ ಹಳ್ಳಿಗಳನ್ನೂ ನೋಡುವ ಆಸೆ. ಅಲ್ಲಿ ಫೋಟೊಗೆ ಬಿಡುವುದಿಲ್ಲವಂತೆ. ಶುಲ್ಕ ಕಟ್ಟಿದರೆ? ಕಾರಿನೊಳಗಿಂದಲಾದರೂ?

ಉತ್ತರ: ಆಗದು. ಶುಲ್ಕ ಕಟ್ಟಿದರೂ ಆಗದು, ಕಾರಿನೊಳಗಿಂದಲೂ ಆಗದು, ‘ಬರೀ ಬೆಟ್ಟದ್ದು ತೆಗೀತೀನಿ’ ಎಂದರೂ ಆಗದು. ವಿಡಿಯೊ, ಧ್ವನಿಮುದ್ರಣ, ಕಡೆಗೆ ಪೆನ್ಸಿಲ್ ಹಿಡಿದು ಚಿತ್ರ ಬರೆದುಕೊಳ್ಳುವುದೂ ಹಳ್ಳಿಗಳಲ್ಲಿ ನಿಷಿದ್ಧ. ಡ್ರೋನ್ ಮಾತೇ ಬೇಡ. ಮೊಬೈಲನ್ನು ಕಾರಿನಲ್ಲೇ ಬಿಟ್ಟು ಇಳಿಯಿರಿ. ಕೈಯಲ್ಲಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು, ಕಿತ್ತುಕೊಂಡರೆ ದೂರುವಂತಿಲ್ಲ.

‘ಕ್ಯಾಮೆರಾ ಆತ್ಮ ಕದಿಯುತ್ತದೆಂದು ನಂಬುತ್ತಾರೆ’ ಎಂಬ ಕತೆಯನ್ನು ದಯವಿಟ್ಟು ಇನ್ನೊಬ್ಬರಿಗೆ ದಾಟಿಸಬೇಡಿ. ಅವರಿಗಾಗಿರುವುದು ಅನುಭವ. 1890ರ ದಶಕದಲ್ಲಿ ಹೋಪಿಗಳ ವಿಧಿಯಾದ ಹಾವಿನ ನೃತ್ಯ ನೋಡಲು ಬಂದವರು ಕ್ಯಾಮೆರಾ ಸ್ಟ್ಯಾಂಡುಗಳನ್ನು ಅಂಗಳದೊಳಕ್ಕೇ ತಂದು ನಿಲ್ಲಿಸಿದರು. ಓರೈಬಿ ಎಂಬ ಹೋಪಿ ಹಳ್ಳಿಯಲ್ಲಿದ್ದ ಮೆನ್ನೊನೈಟ್ ಕ್ರೈಸ್ತ ಪಂಗಡದ ಪಾದ್ರಿ ಎಚ್. ಆರ್. ವೋತ್, ನೆಲದಡಿಯ ಪೂಜಾಕೋಣೆಯಾದ ಕಿವಾದೊಳಗೆ ಹೊಕ್ಕು ಕಂಡದ್ದನ್ನೆಲ್ಲ ಪ್ರಕಟಿಸಿದ. 1921ರಲ್ಲಿ ಅಮೆರಿಕ ಸರ್ಕಾರವೇ ಮೂಲನಿವಾಸಿಗಳ ನೃತ್ಯಗಳಿಗೆ ಕಡಿವಾಣ ಹಾಕುವ ಸುತ್ತೋಲೆ ಹೊರಡಿಸಿತು. 1992ರಲ್ಲಿ ಒಂದು ಕಾಮಿಕ್ ಪುಸ್ತಕ ಅವರ ದೈವಗಳಾದ ಕಟ್ಸೀನಗಳನ್ನು ಪುಂಡರಂತೆ ಚಿತ್ರಿಸಿದ ಮೇಲೆ ಹಲವು ಹಳ್ಳಿಗಳು ಕಟ್ಸೀನ ನೃತ್ಯವನ್ನು ಹೊರಗಿನವರಿಗೆ ಮುಚ್ಚಿಬಿಟ್ಟವು.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಅಲ್ಲಿ ವಿಧಿಯ ಅರಿವಿಗೆ ಒಡೆಯರಿದ್ದಾರೆ. ಒಂದು ಕುಲದವರಿಗೆ ಗೊತ್ತಿರುವುದನ್ನು ಇನ್ನೊಂದು ಕುಲದ ಹೋಪಿಯೂ ಕೆದಕಿ ಕೇಳುವುದಿಲ್ಲ. ಹೀಗಿರುವಾಗ ದಾರಿಹೋಕರು ‘ಇದರ ಅರ್ಥವೇನು’ ಎಂದು ಪೀಡಿಸಿದರೆ ಸಿಗುವುದು ಮೌನ, ಇಲ್ಲವೇ ತಮಾಷೆಗೆ ಹೇಳಿದ ಸುಳ್ಳು.

ನೃತ್ಯ ತೆರೆದಿದೆಯೇ ಎಂದು ಆಯಾ ಹಳ್ಳಿಯ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡು ಹೊರಡಿ. ಕಟ್ಸೀನ ನೃತ್ಯಗಳು ಚಳಿಗಾಲದಿಂದ ಜುಲೈವರೆಗೆ ಮಾತ್ರ. ಹಿಂದೆ ನಿಲ್ಲಿ. ಅಂಗಳದ ಸುತ್ತ ಇಟ್ಟ ಖಾಲಿ ಕುರ್ಚಿಗಳು ಮನೆಯವರದು. ಕರೆಯದೆ ಮಾಳಿಗೆ ಹತ್ತಬೇಡಿ. ಚಡ್ಡಿ, ತೋಳಿಲ್ಲದ ಅಂಗಿ ಬೇಡ. ಚಪ್ಪಾಳೆ ಖಂಡಿತ ಬೇಡ, ಅದು ಪ್ರದರ್ಶನವಲ್ಲ, ಮಳೆಗಾಗಿ ಪ್ರಾರ್ಥನೆ. ದೀಕ್ಷೆಯಾಗದ ಮಕ್ಕಳು ಪಕ್ಕದಲ್ಲೇ ಕೂತಿರುತ್ತಾರೆ, ಅವರ ಪಾಲಿಗೆ ಕುಣಿಯುವವರು ದೈವಗಳೇ, ‘ಮುಖವಾಡ’, ‘ವೇಷ’ ಎಂಬ ಮಾತು ನಾಲಿಗೆಗೆ ಬರಬಾರದು. ಭೂತಕೋಲವನ್ನು ಯಾರೋ ವೇದಿಕೆ ಮೇಲೆ ಅನುಕರಿಸಿದಾಗ ಕರಾವಳಿಯವರು ಏಕೆ ನೊಂದುಕೊಳ್ಳುತ್ತಾರೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಡಿ ಎಂದರೆ ಕಾರಣ ಕೇಳದೆ ಹೊರಡಿ.

ಹೋಪಿ ನಾಡಿನ ಮೂರು ಮೇಸಾಗಳಲ್ಲಿ (ಚಪ್ಪಟೆ ತಲೆಯ ಗುಡ್ಡಗಳು) ಒಂದನೆಯದರ ತುದಿಯಲ್ಲಿರುವ ವಾಲ್ಪಿ ಹಳ್ಳಿಗೆ ಸ್ಥಳೀಯ ಗೈಡ್ ಇಲ್ಲದೆ ಹೋಗುವಂತಿಲ್ಲ. ದಾರಿಯಲ್ಲಿ ಕಂಡ ಹಳೆಯ ಮಡಕೆ ಚೂರನ್ನು ಎತ್ತಿಕೊಳ್ಳಬೇಡಿ, ಕಾನೂನಿನ ಪ್ರಕಾರ ಅಪರಾಧ. ಮದ್ಯ ಕಾರಿನ ಡಿಕ್ಕಿಯಲ್ಲೂ ಇರಬಾರದು. ಇನ್ನು ಎಲ್ಲರೂ ಎಡವುವುದು ಗಡಿಯಾರದ ವಿಷಯದಲ್ಲಿ: ಸುತ್ತಲಿನ ನವಾಹೊ ಎಂಬ ಇನ್ನೊಂದು ಮೂಲನಿವಾಸಿ ಜನರ ನಾಡು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಹೋಪಿ ನಾಡು ಇಡುವುದಿಲ್ಲ. ನವಾಹೊಗಳ ಟ್ಯೂಬಾ ಸಿಟಿಯಲ್ಲಿ ಹತ್ತಾದರೆ ಅದಕ್ಕಂಟಿಕೊಂಡಿರುವ ಹೋಪಿ ಹಳ್ಳಿ ಮೊಯೆನ್‌ಕೋಪಿಯಲ್ಲಿ ಒಂಬತ್ತೇ. ಮೊಬೈಲ್ ಯಾವ ಟವರಿಗೆ ಸಿಕ್ಕಿತೋ ಆ ಸಮಯ ತೋರಿಸುತ್ತದೆ. ಫೀನಿಕ್ಸ್ ಸಮಯಕ್ಕಿಟ್ಟ ಕೈಗಡಿಯಾರ ಕಟ್ಟಿಕೊಳ್ಳಿ.

ಪ್ರಶ್ನೆ: ನೆನಪಿಗೆ ಏನು ಕೊಳ್ಳಬಹುದು? ನಕಲಿ ಗುರುತಿಸುವುದು ಹೇಗೆ?

ಉತ್ತರ: ಮಾಡಿದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಮಡಕೆ ಒಂದನೇ ಮೇಸಾದ್ದು, ಸುರುಳಿ ಸುತ್ತಿದ ಬುಟ್ಟಿ ಎರಡನೆಯದರದ್ದು, ಕಡ್ಡಿ ಹೆಣೆದ ತಟ್ಟೆ ಮೂರನೆಯದರದ್ದು. ಹೆದ್ದಾರಿಯ ಅಂಗಡಿಯವನು ಇದನ್ನು ಅದಲುಬದಲು ಹೇಳಿದರೆ ಹೊರಗೆ ಬನ್ನಿ. ಹೋಪಿ ಬೆಳ್ಳಿಯಲ್ಲಿ ಎರಡು ತಗಡು: ಮೇಲಿನದನ್ನು ಗರಗಸದಲ್ಲಿ ಕೊರೆದು ಕೆಳಗಿನದಕ್ಕೆ ಬೆಸೆದಿರುತ್ತಾರೆ, ಕೊರೆದ ಜಾಗ ಕಪ್ಪಗಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದದ್ದು ಅದಲ್ಲ. ಕಟ್ಸೀನ ಗೊಂಬೆಯನ್ನು ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತುತ್ತಾರೆ. ಪ್ಲಾಸ್ಟಿಕ್ಕು, ತುಪ್ಪಳ ಮೆತ್ತಿದ್ದು ಬೇಡ. ಬೇರೆಯವರು ಮಾಡಿದ್ದನ್ನು ಮೂಲನಿವಾಸಿಗಳದೆಂದು ಮಾರುವುದು 1990ರ ಕಾನೂನಿನಂತೆ ಅಪರಾಧ.

ಪ್ರಶ್ನೆ: ಕಿವಿಯಲ್ಲಿಟ್ಟು ಉರಿಸುವ ‘ಹೋಪಿ ಕಿವಿ ಮೇಣದಬತ್ತಿ’ಯಿಂದ ಕಿವಿ ಶುದ್ಧಿಯಾಗುತ್ತದೆಯೆ?

ಉತ್ತರ: ಸುಡುತ್ತದೆ. ಅದು ಹೋಪಿಗಳದ್ದಲ್ಲ, ಅವರ ಹೆಸರನ್ನಷ್ಟೇ ಕದ್ದದ್ದು.

ಪ್ರಶ್ನೆ: ಹೋಪಿಗಳಲ್ಲೂ ಸ್ವಸ್ತಿಕದ ಚಿಹ್ನೆಯಿದೆಯಲ್ಲ, ಅವರು ಭಾರತದಿಂದ ಹೋದವರೆ?

ಉತ್ತರ: ಅಲ್ಲ. ಅವರ ನುಡಿ ಅಮೆರಿಕದ ಮೂಲನಿವಾಸಿಗಳದೇ ಆದ ಯುಟೊ-ಅಜ್ಟೆಕನ್ ಭಾಷಾಕುಟುಂಬದ್ದು. ಅಲ್ಲಿ ಯಾರ ಮುಂದೆಯೂ ಇದನ್ನು ಕೇಳಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟ?

ಉತ್ತರ: ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೂದಿನೀರು ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಯಿಂದ ಸವರಿ ಎಬ್ಬಿಸುವ ಪಿಕಿ ಎಂಬ ತೆಳು ರೊಟ್ಟಿ ಇದೆ. ಕಲ್ಲಿಗೆ ಸವರುವುದು ಪ್ರಾಣಿಯ ಕೊಬ್ಬಾಗಿರಬಹುದು, ಕೇಳಿ ತಿನ್ನಿ. ಮನೆಯೊಳಗೆ ಕರೆದು ಕುರಿಮಾಂಸದ ಸಾರು ಬಡಿಸಲು ಬಂದರೆ ಅದೊಂದನ್ನು ಬಿಟ್ಟು ರೊಟ್ಟಿ, ಹಣ್ಣು ತೆಗೆದುಕೊಂಡು ಕೂರಿ. ಹೊಸ್ತಿಲಲ್ಲೇ ನಿಂತು ‘ಬೇಡ’ ಎನ್ನಬೇಡಿ.