ಸೈಕಲ್ ತುಳಿಯುವವರಿಗೆ ಈಜಿನಿಂದ ಲಾಭವಿದೆಯೇ? ನೀರಲ್ಲಿ ಕಾಲು ಮುಳುಗುವುದೇಕೆ?

ಈಜಿದರೆ ಸೈಕಲ್ ಮೇಲೆ ಬೆಟ್ಟ ಹತ್ತುವ ವೇಗ ಹೆಚ್ಚುತ್ತದೆಯೇ? ಇಲ್ಲ. ನಂದಿ ಬೆಟ್ಟದ ಏರಿಗೆ ಬೇಕಾದ ಕಸುವು ಸೈಕಲ್ ಮೇಲೇ ಬರಬೇಕು. ಈಜಿನ ಲಾಭ ಬೇರೆ: ಹ್ಯಾಂಡಲ್ ಮೇಲೆ ಬಾಗಿ ಬಿಗಿದುಕೊಂಡ ಎದೆ, ಭುಜ ಸಡಿಲವಾಗುತ್ತವೆ, ಬೆನ್ನಿಗೆ ಬಲ ಬರುತ್ತದೆ, ಕಾಲನ್ನು ದಣಿಸದೆ ಹೃದಯಕ್ಕೆ ಕೆಲಸ ಸಿಗುತ್ತದೆ. ಭಾನುವಾರ ಲಾಂಗ್ ರೈಡ್ ಇದ್ದರೆ ಸೋಮವಾರ ಈಜಲು ಹೋಗಿ.

ಕಾಲು ಮುಳುಗುವುದು ಸೈಕ್ಲಿಸ್ಟ್‌ಗಳಲ್ಲಿ ತೀರಾ ಸಾಮಾನ್ಯ. ಪೆಡಲ್ ತುಳಿದು ತುಳಿದು ಪಾದದ ಕೀಲು ಬಿಗಿದಿರುತ್ತದೆ. ಹಿಂದಕ್ಕೆ ಚಾಚಿಕೊಳ್ಳಬೇಕಾದ ಪಾದ ಕೊಕ್ಕೆಯ ಹಾಗೆ ನೀರಿಗೆ ಅಡ್ಡ ನಿಲ್ಲುತ್ತದೆ. ಅಭ್ಯಾಸಬಲದಿಂದ ಮಂಡಿ ಮಡಚಿ ಒದ್ದರೆ ತೊಡೆಯೂ ಕೆಳಗಿಳಿದು ತಡೆಯೊಡ್ಡುತ್ತದೆ. ಒದೆತ ಸೊಂಟದಿಂದ ಶುರುವಾಗಲಿ, ಮಂಡಿ ತುಸುವೇ ಬಾಗಲಿ. ಮುಂದೆ ನೋಡಲು ತಲೆ ಎತ್ತಬೇಡಿ, ಸೊಂಟ ಇಳಿಯುತ್ತದೆ. ಕೊಳದ ತಳ ನೋಡಿ. ಮಂಡಿನೋವು ಇಲ್ಲದಿದ್ದರೆ ದಿನಾ ಒಂದೆರಡು ನಿಮಿಷ ವಜ್ರಾಸನದಲ್ಲಿ ಕೂರಿ, ಪಾದ ಕ್ರಮೇಣ ಚಾಚಿಕೊಳ್ಳುತ್ತದೆ.

ಇಷ್ಟು ಸೈಕಲ್ ತುಳಿಯುವವರಿಗೂ ಎರಡನೇ ಲ್ಯಾಪ್‌ಗೇ ಏದುಸಿರು ಬರುವುದು ಬಹುಪಾಲು ಉಸಿರಾಟದ ಕ್ರಮ ತಪ್ಪುವುದರಿಂದ. ಮುಖ ನೀರಲ್ಲಿರುವಾಗ ಉಸಿರು ಕಟ್ಟಿಕೊಂಡು, ತಿರುಗಿದ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಹೋಗುತ್ತಾರೆ. ನೀರಲ್ಲೇ ಗುಳ್ಳೆ ಬಿಡುತ್ತಾ ಖಾಲಿ ಮಾಡಿ. ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಉಳಿಯಲಿ.

ಈಗಾಗಲೇ ಈಜು ಬರುವವರಿಗೆ 25 ಮೀಟರ್ ಕೊಳದಲ್ಲಿ ನಾನು ಹೇಳುವ ಕ್ರಮ: 200 ಮೀಟರ್ ನಿಧಾನವಾಗಿ, ಬೇಕೆನಿಸಿದಾಗ ನಿಂತು, 8 ಬಾರಿ 25 ಮೀಟರ್ ಫ್ರೀಸ್ಟೈಲ್, ನಡುವೆ 20 ಸೆಕೆಂಡ್ ವಿರಾಮ, ತೊಡೆಗಳ ನಡುವೆ ಪುಲ್ ಬಾಯ್ (ತೇಲುವ ಫೋಮ್ ತುಂಡು) ಇಟ್ಟು 4 ಬಾರಿ 50, ಕೊನೆಗೆ 100 ಬ್ಯಾಕ್‌ಸ್ಟ್ರೋಕ್. ಒಟ್ಟು 700 ಮೀಟರ್, ಒಂದು ಬ್ಯಾಚ್‌ನ ಸಮಯದಲ್ಲಿ ಆರಾಮಾಗಿ ಮುಗಿಯುತ್ತದೆ. ಪುಲ್ ಬಾಯ್ ಕಾಲನ್ನು ತೇಲಿಸಿಡುವುದರಿಂದ ಹಿಂದಿನ ದಿನದ ರೈಡ್‌ನ ಆಯಾಸದ ಮೇಲೆ ಇನ್ನಷ್ಟು ಹೊರೆ ಬೀಳುವುದಿಲ್ಲ. ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿದು ಕಾಲು ಒದೆಯುವ ತೇಲು ಹಲಗೆ) ನಾನು ಸೂಚಿಸುವುದಿಲ್ಲ: ತಲೆ ಎತ್ತಿ, ಕತ್ತು ಹಿಂದಕ್ಕೆ ಬಾಗಿಸುವ ಅದೇ ಸೈಕಲ್ ಭಂಗಿ. ಮಂಡಿಯ ಒಳಬದಿ ನೋಯುತ್ತಿದ್ದರೆ ಬ್ರೆಸ್ಟ್‌ಸ್ಟ್ರೋಕ್ ಬೇಡ; ಅದರ ಒದೆತದ ಒತ್ತಡ ನೇರ ಅಲ್ಲಿಗೇ ಬೀಳುತ್ತದೆ.

ಮೀನಖಂಡ ಹಿಡಿದುಕೊಂಡರೆ ಗೋಡೆ ಹಿಡಿದು ನಿಂತು ಬೆರಳುಗಳನ್ನು ನಿಮ್ಮತ್ತ ಎಳೆಯಿರಿ, ಆಮೇಲೆ ಒದೆತ ಮೃದುವಾಗಿರಲಿ. ನೀರಲ್ಲೂ ಬೆವರುತ್ತೇವೆ, ಬಾಟಲಿ ದಂಡೆಯ ಮೇಲಿರಲಿ. ವಾಚ್‌ನಲ್ಲಿ ಹೃದಯಬಡಿತ ಸೈಕಲ್‌ಗಿಂತ ಕಡಿಮೆ ಕಂಡರೆ ಗಾಬರಿ ಬೇಡ. ಅಡ್ಡ ಮಲಗಿದ ಭಂಗಿ, ನೀರಿನ ಒತ್ತಡ ಎರಡೂ ಸೇರಿ ರಕ್ತ ಹೃದಯಕ್ಕೆ ಸುಲಭವಾಗಿ ಮರಳುತ್ತದೆ, ಹಾಗಾಗಿ ಕಡಿಮೆ ಬಡಿತವೇ ಸಾಕಾಗುತ್ತದೆ. ಸೈಕಲ್‌ನ ಹಾರ್ಟ್‌ರೇಟ್ ಝೋನ್‌ಗಳನ್ನು (ಬಡಿತದ ಲೆಕ್ಕದಲ್ಲಿ ಶ್ರಮದ ಹಂತಗಳು) ಇಲ್ಲಿ ಬಳಸಬೇಡಿ.

ಮೂಳೆಗೆ ಮಾತ್ರ ಈಜಿನಿಂದ ಹೆಚ್ಚು ನೆರವಿಲ್ಲ. ಸೈಕಲ್, ಈಜು ಎರಡರಲ್ಲೂ ಅಸ್ಥಿಯ ಮೇಲೆ ದೇಹದ ಭಾರ ಬೀಳುವುದಿಲ್ಲ. ವಾರಕ್ಕೆ 2 ದಿನ ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ತೂಕದ ವ್ಯಾಯಾಮ ಬೇಕೇ ಬೇಕು; ಅದಕ್ಕೆ ಸಮಯ ಸಾಲದಿದ್ದರೆ ಈಜನ್ನು ವಾರಕ್ಕೊಂದು ದಿನಕ್ಕೆ ಇಳಿಸಿ.