ಅತ್ತೆ ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ

(ಪತ್ರದ ಸಾರ: ಮನೆಯವರ ವಾಟ್ಸಾಪ್ ಗ್ರೂಪಿಗೆ ಜರ್ಮನ್ ಸಂಯೋಜಕ ಬಾಖ್ ಚೆಲ್ಲೋ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯಕ್ಕೆ ಬರೆದ ಆರೂ ಸ್ವೀಟ್‌ಗಳನ್ನ, ಅಂದ್ರೆ ಕುಣಿತದ ತುಣುಕುಗಳ ಮಾಲೆಗಳನ್ನ, ಒಟ್ಟಿಗೆ ಕಳಿಸಿದೆ, ಯಾರೂ ಏನೂ ಹೇಳ್ಲಿಲ್ಲ, ಅತ್ತೆ ಮಾತ್ರ ‘ಇದ್ಯಾವ ರಾಗ?’ ಅಂದ್ರು. ಒಂದೇ ಸ್ವೀಟ್‌ನ ಎರಡು ರೆಕಾರ್ಡಿಂಗ್ ಇಟ್ಕೊಂಡು ಕೇಳಿದ್ರೆ ಬರೋಕ್ ಚೆಲ್ಲೋದು, ಅಂದ್ರೆ ಬಾಖ್ ಕಾಲದ ಥರದ ಚೆಲ್ಲೋದು, ಅರ್ಧ ಮನೆ, ಒಂದು ಸ್ವರಸ್ಥಾನದಷ್ಟು, ಕೆಳಗಿದೆ, ಅದು ಹಾಳಾದ ಕಾಪೀನಾ? ಹೀಗೆ ಹಂಚೋದು ತಪ್ಪಾ?)

ನಿಮ್ಮ ಪತ್ರ ಓದಿ ನಂಗೆ ಆ ಅತ್ತೆ ಮೇಲೆ ತುಂಬಾ ಗೌರವ ಬಂತು. ಎರಡು ಗಂಟೆಗೂ ಮೀರಿದ ಸಂಗೀತ ಒಂದೇ ಸಲ ಬಂದು ಬಿದ್ದಾಗ ಅವರೊಬ್ಬರು ಕೂತು ಸ್ವಲ್ಪವಾದ್ರೂ ಕೇಳಿದ್ದಾರೆ, ಕೇಳಿ ತಮಗೆ ಗೊತ್ತಿರೋ ಬಾಗಿಲಿಂದ ಒಳಗೆ ಬರೋಕೆ ನೋಡಿದ್ದಾರೆ, ನೀವು ‘ಇದು ವೆಸ್ಟರ್ನ್, ರಾಗ ಎಲ್ಲ ಇರಲ್ಲ’ ಅಂತ ಬರೆದು ಮುಗಿಸಿಬಿಟ್ರಿ. ನಂಗೆ ಬೇಜಾರಾಗಿದ್ದು ಅದೊಂದೇ.

ರಾಗ ಅಲ್ಲ ನಿಜ, ಆದ್ರೆ ಅವರ ಪ್ರಶ್ನೆಗೆ ಒಳ್ಳೇ ಉತ್ತರ ಇದೆ. ಮೊದಲನೇ ಸ್ವೀಟ್‌ನ ಪ್ರಿಲ್ಯೂಡ್, ಅಂದ್ರೆ ಶುರುವಿನ ತುಣುಕು, ತಗೊಳ್ಳಿ. ಅದು ಜಿ ಮೇಜರ್, ಅಂದ್ರೆ ಜಿ ಸ್ವರಾನ ಷಡ್ಜ ಅಂತ ಇಟ್ಕೊಂಡ್ರೆ ಸ್ವರಗಳೆಲ್ಲ ಶಂಕರಾಭರಣದ್ದೇ. ಮೊದಲ ಅರ್ಧ ನಿಮಿಷದಲ್ಲೇ ಒಂದು ಪ್ರತಿ ಮಧ್ಯಮ, ಶಂಕರಾಭರಣದಲ್ಲಿ ಇಲ್ಲದ ಮೇಲಿನ ಮಧ್ಯಮ, ಬಂದು ತಾಗುತ್ತೆ, ಅತ್ತೆ ಕಿವಿಗೆ ಅದು ಖಂಡಿತ ಗೊತ್ತಾಗಿರುತ್ತೆ. ನಮ್ಮಲ್ಲಾದ್ರೆ ಅದು ಅನ್ಯಸ್ವರ, ಅಲ್ಲಿ ಅದು ಷಡ್ಜವೇ ಜಾಗ ಬದಲಾಯಿಸೋ ಸೂಚನೆ, ಪಂಚಮ ಇದ್ದ ಜಾಗವೇ ಸ್ವಲ್ಪ ಹೊತ್ತು ಷಡ್ಜದ ಥರ ಅನ್ಸೋಕೆ ಶುರುವಾಗುತ್ತೆ, ನಮ್ಮ ಶ್ರುತಿಭೇದ ನೆನಪಾಗೋ ಹಾಗೆ, ಆದ್ರೆ ಹಿಂದೆ ತಂಬೂರಿ ಇಲ್ಲ, ಹಿಡಿದುಕೊಳ್ಳೋಕೆ ಏನೂ ಇಲ್ಲ, ಆ ಒಂದೇ ವಾದ್ಯ ತನ್ನ ನೆಲವನ್ನೂ ತಾನೇ ತೋರಿಸಬೇಕು. ಕೊನೇ ಭಾಗದಲ್ಲಿ ಒಂದೇ ಸ್ವರ ಬಿಡದೆ ಮೊಳಗ್ತಾ ಇರುವಾಗ ಪಕ್ಕದಲ್ಲಿ ಉಳಿದವು ಅರ್ಧರ್ಧ ಮೆಟ್ಟಿಲು ಹತ್ತಿ ಹತ್ತಿ ಆಮೇಲೆ ಜಿ ಸ್ವರಕ್ಕೆ ಬಂದು ಸೇರ್ತವಲ್ಲ, ಅಲ್ಲಿ ನಂಗೆ ಈಗ್ಲೂ ಮೈ ಜುಂ ಅನ್ನುತ್ತೆ.

ಇನ್ನು ಶ್ರುತಿ ವಿಷ್ಯ. ಕಾಪಿ ಹಾಳಾಗಿಲ್ಲ. ಈಗಿನ ಆರ್ಕೆಸ್ಟ್ರಾಗಳಲ್ಲಿ ಎ ಸ್ವರ ಸಾಮಾನ್ಯವಾಗಿ 440 ಹರ್ಟ್ಜ್ ಅಥವಾ ಅದರ ಹತ್ತಿರ, ಬರೋಕ್ ವಾದ್ಯ ನುಡಿಸೋರು ಹೆಚ್ಚಾಗಿ 415 ಇಟ್ಕೋತಾರೆ, ಲೆಕ್ಕಕ್ಕೆ ಸರಿಯಾಗಿ ಅರ್ಧ ಮನೆ ಕಡಿಮೆ. ಬಾಖ್ ಕಾಲದಲ್ಲಿ ಎಲ್ಲಾ ಕಡೆ 415 ಇತ್ತು ಅಂತಲ್ಲ, ಊರಿಗೊಂದು ಶ್ರುತಿ ಇತ್ತು, ಚರ್ಚಿನ ಆರ್ಗನ್ ಒಂದು ಶ್ರುತೀಲಿದ್ರೆ ಮಿಕ್ಕ ವಾದ್ಯಗಳು ಇನ್ನೊಂದರಲ್ಲಿ. 415 ಅನ್ನೋದು ಇತ್ತೀಚಿನವರು ಅನುಕೂಲಕ್ಕೆ ಮಾಡ್ಕೊಂಡ ಒಪ್ಪಂದ. ಜೊತೆಗೆ ಕರುಳಿನ ತಂತಿ ಬೇರೆ, ಕಮಾನು ಉಜ್ಜುವಾಗ ಸ್ವಲ್ಪ ಒರಟು ಉಸಿರು ಕೇಳ್ಸುತ್ತೆ, ಅದು ದೋಷ ಅಲ್ಲ, ಅದೇ ಅದರ ದನಿ. ದಯವಿಟ್ಟು ಇಯರ್‌ಫೋನ್ ಹಾಕಿ ಕೇಳಿ ಅಂತ ಎಲ್ರಿಗೂ ಬರೀರಿ, ಚೆಲ್ಲೋದ ಕೆಳಗಿನ ತಂತಿ ಸುಮಾರು 65 ಹರ್ಟ್ಜ್, ಮೊಬೈಲ್ ಸ್ಪೀಕರ್‌ನಲ್ಲಿ ಆ ಆಳದ ದನಿ ಬರೋದೇ ಇಲ್ಲ.

ಹಂಚೋದ್ರ ಬಗ್ಗೆ ನಂಗೆ ಹೇಳೋಕಿರೋದು ಒಂದೇ, ಹೆಸರು ಸಮೇತ ಹಂಚಿ. ಬಾಖ್ ಅಂತ ಮಾತ್ರ ಬರೆದ್ರೆ ಅರ್ಧ ಹೇಳಿದ ಹಾಗೆ. ಬಾಖ್ ಸುಮಾರು 1720ರ ಆಸುಪಾಸಲ್ಲಿ ಜರ್ಮನಿಯ ಕ್ಯೋಥೆನ್‌ನಲ್ಲಿ ಇವನ್ನ ಬರೆದ, ಅವನ ಕೈಬರಹ ಉಳಿದಿಲ್ಲ, ಹೆಂಡತಿ ಆನ್ನಾ ಮಗ್ಡಲೇನಾ ಮಾಡಿದ ಪ್ರತಿ ಉಳೀತು. ಅದರಲ್ಲಿ ಎಷ್ಟು ಜೋರು, ಎಷ್ಟು ವೇಗ ಅನ್ನೋ ಗುರುತು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಾಗಾಗಿ ನಾವು ಕೇಳೋದ್ರಲ್ಲಿ ಬಹಳಷ್ಟು ನುಡಿಸೋರ ತೀರ್ಮಾನ. 1890ರಲ್ಲಿ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಇದರ ಮುದ್ರಿತ ಪ್ರತಿ ಮುಂದೆ ದೊಡ್ಡ ಚೆಲ್ಲೋ ವಾದಕನಾದ 13 ವರ್ಷದ ಪಾಬ್ಲೋ ಕಸಾಲ್ಸ್ ಕೈಗೆ ಸಿಕ್ಕಿತ್ತು. ಆ ಹುಡುಗ ಜೀವಮಾನವೆಲ್ಲ ಅದನ್ನ ನುಡಿಸಿ ಅರವತ್ತರ ಹತ್ತಿರ ಬಂದ ಮೇಲೆ 1936ರಿಂದ 39ರೊಳಗೆ ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಆರನ್ನೂ ರೆಕಾರ್ಡ್ ಮಾಡಿದ, ಅದೂ ಹೆಚ್ಚಾಗಿ ಸ್ಪೇನ್‌ನಲ್ಲಿ ಅಂತರ್ಯುದ್ಧ ನಡೀತಿದ್ದ ಕಾಲ. ನಲವತ್ತು ವರ್ಷ ಆದ್ಮೇಲೆ 1979ರಲ್ಲಿ ಡಚ್ ವಾದಕ ಆನರ್ ಬಿಲ್ಸ್ಮಾ ಬರೋಕ್ ಚೆಲ್ಲೋ ಹಿಡಿದು ಅದೇ ಸ್ವೀಟ್‌ಗಳನ್ನ ಮಾತಾಡೋ ಥರ, ಕುಣಿತದ ಹೆಜ್ಜೆ ಬಿಡದೆ ನುಡಿಸಿದ. ಇಬ್ಬರ ಹೆಸರೂ ಅಳಿಸಿ ‘ರಿಲ್ಯಾಕ್ಸಿಂಗ್ ಮ್ಯೂಸಿಕ್’ ಅಂತ ಫಾರ್ವರ್ಡ್ ಮಾಡೋದಿದ್ಯಲ್ಲ, ಅದು ಅನ್ಯಾಯ, ಕಚೇರಿಗೆ ಹೋಗಿ ಹಾಡಿದವರು ಯಾರು ಅಂತ ಕೇಳದೇ ಎದ್ದು ಬಂದ ಹಾಗೆ.

ಕಾನೂನಿನ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು. ಬಾಖ್ ತೀರಿಕೊಂಡಿದ್ದು 1750ರಲ್ಲಿ, ಅವನ ಸಂಗೀತ ಎಲ್ಲರದ್ದು, ಆದ್ರೆ ರೆಕಾರ್ಡಿಂಗ್‌ಗೆ ಅದರದ್ದೇ ಹಕ್ಕು ಇರುತ್ತೆ. ಭಾರತದಲ್ಲಿ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಕಸಾಲ್ಸ್‌ದು ಇಲ್ಲಿ ಮುಕ್ತ, ಬಿಲ್ಸ್ಮಾದು ಇನ್ನೂ ಅಲ್ಲ. ಅಮೆರಿಕದಲ್ಲಿ ಲೆಕ್ಕ ಬೇರೆ, 1923ರಿಂದ 46ರ ಒಳಗೆ ಪ್ರಕಟವಾದ ರೆಕಾರ್ಡ್‌ಗಳಿಗೆ ನೂರು ವರ್ಷ, ಅಲ್ಲಿರೋ ನೆಂಟರಿಗೆ ಫೈಲ್ ಬದಲು ಅಧಿಕೃತ ಲಿಂಕ್ ಕಳಿಸಿ. ಸಂಕೋಚವೇ ಇಲ್ಲದೆ ಹಂಚಬಹುದಾದ್ದೂ ಇದೆ. ಪಿಯಾನೋ ವಾದಕಿ ಕಿಮಿಕೊ ಇಶಿಜಾಕಾ 2012ರಲ್ಲಿ ಜನರಿಂದ ಮುಂಚೆಯೇ ದುಡ್ಡು ಸೇರಿಸಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನೋ ಕೀಬೋರ್ಡ್ ಕೃತಿ ರೆಕಾರ್ಡ್ ಮಾಡಿ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟರು. ನೆದರ್ಲೆಂಡ್ಸ್ ಬಾಖ್ ಸೊಸೈಟಿ 2014ರಿಂದ ಬಾಖ್‌ನ ಅಷ್ಟೂ ಕೃತಿಗಳನ್ನ, ಸಾವಿರಕ್ಕೂ ಹೆಚ್ಚು, ಒಂದೊಂದಾಗಿ ವಿಡಿಯೋ ಮಾಡಿ ಉಚಿತವಾಗಿ ನೋಡೋಕೆ ಬಿಡ್ತಿದೆ, ಯಾರು ನುಡಿಸ್ತಿದ್ದಾರೆ ಅನ್ನೋದೂ ಅಲ್ಲೇ ಇರುತ್ತೆ.

ಮೊದಲೇ ದುಡ್ಡು ಸೇರಿಸೋದು ಹೊಸದೇನಲ್ಲ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ‘ಸೊಸೈಟಿ’ ಅಂತ ಮಾಡಿ ಚಂದಾದಾರರನ್ನ ಕೂಡಿಸ್ಕೊಂಡು ಇಂಥ ರೆಕಾರ್ಡ್ ತಂದಿತ್ತು, ವಾಂಡಾ ಲಾಂಡೋವ್ಸ್ಕಾ ಹಾರ್ಪ್ಸಿಕಾರ್ಡ್‌ನಲ್ಲಿ, ಪಿಯಾನೋಗಿಂತ ಹಳೇ ಕೀಬೋರ್ಡ್ ವಾದ್ಯದಲ್ಲಿ, 1933ರಲ್ಲಿ ನುಡಿಸಿದ ಗೋಲ್ಡ್‌ಬರ್ಗ್ ಬಂದಿದ್ದೂ ಹಾಗೇ. 1940ರ ದಶಕದ ಕೊನೇಲಿ ನಮ್ಮ ಜಯಚಾಮರಾಜ ಒಡೆಯರ್ ರಷ್ಯನ್ ಸಂಯೋಜಕ ಮೆಟ್ನರ್‌ಗಾಗಿ ಅಂಥದ್ದೇ ಒಂದು ಸೊಸೈಟಿಗೆ ದುಡ್ಡು ಕೊಟ್ಟು ಅವರ ಸಂಗೀತಾನ ಅವರ ಕೈಯಲ್ಲೇ ರೆಕಾರ್ಡ್ ಮಾಡಿಸಿದ್ರು. ಅದು ಬರೋಕ್ ಅಲ್ಲ, ಆದ್ರೂ ಇಲ್ಲಿ ಹೇಳ್ದೆ ಇರೋಕಾಗ್ಲಿಲ್ಲ, ಇಷ್ಟವಾದ ಸಂಗೀತ ಇನ್ನೊಬ್ಬರಿಗೂ ತಲುಪ್ಲಿ ಅಂತ ಮೈಸೂರಿಂದ ಲಂಡನ್‌ವರೆಗೆ ಕೈ ಚಾಚಿದ್ದು ಸಣ್ಣ ಮಾತಲ್ಲ.

ಈಗ ಮಾಡ್ಬೇಕಾದ್ದು ಇಷ್ಟೇ. ಒಟ್ಟಿಗೆ ಕಳಿಸಿದ್ದನ್ನ ಮರೆತುಬಿಡಿ. ಕಸಾಲ್ಸ್ ನುಡಿಸಿದ ಆ ಪ್ರಿಲ್ಯೂಡ್ ಒಂದೇ ಕಳಿಸಿ, ಎರಡೂವರೆ ನಿಮಿಷದ್ದು, ಕೆಳಗೆ ‘ಅತ್ತೆ, ಶಂಕರಾಭರಣದ ಸ್ವರಗಳೇ, ಆದ್ರೆ ಬೇಗ ಒಂದು ಪ್ರತಿ ಮಧ್ಯಮ ಬರುತ್ತೆ, ಕೇಳ್ಸಿತಾ? ಪ್ಯಾರಿಸ್, 1938’ ಅಂತ ಬರೀರಿ. ಅವರು ಏನಂದ್ರು ಅಂತ ನಂಗೂ ತಿಳಿಸಿ.