ಜೆಸಿಬಿ ಕಲಿಯಲು ಕೋರ್ಸಿಗೆ ಸೇರುವುದೋ, ಹೆಲ್ಪರ್ ಆಗಿ ಹೋಗುವುದೋ?

ಕಾಸರಗೋಡಿನ ಕುಂಬಳೆಯಲ್ಲಿ ಪ್ಲಸ್ ಟು ಮುಗಿಸಿದ್ದೀರಿ, ಜೆಸಿಬಿ ಆಪರೇಟರ್ ಆಗಬೇಕು, ಮೊದಲು ಕೋರ್ಸಿಗೆ ದುಡ್ಡು ಕಟ್ಟಲೋ ಎಂದು ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ಮೊದಲು ಹೆಲ್ಪರ್ ಆಗಿ ಹೋಗಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ 11 ವರ್ಷದಿಂದ ನನಗೆ ಇದೇ ಕೆಲಸ.

ಲಿವರ್ ಕೆಲವು ತಿಂಗಳಲ್ಲಿ ಕೈಗೆ ಕೂರುತ್ತದೆ. ಮಣ್ಣು ನೋಡುವ ಕಣ್ಣು ಬರಲು ವರ್ಷಗಳು ಬೇಕು. ನಮ್ಮಲ್ಲಿ ಮೇಲೆ ಮುರಕಲ್ಲು ಎಂಬ ಗಟ್ಟಿ ಕೆಂಪುಕಲ್ಲು, ಬಕೆಟ್ಟಿನ ಹಲ್ಲಿಗೂ ಬಗ್ಗುವುದಿಲ್ಲ. ಅದರಡಿಯ ಶೇಡಿಮಣ್ಣು, ಅಂದರೆ ಮೆತ್ತಗಿನ ಜೇಡಿ, ಮಳೆನೀರು ಕುಡಿದರೆ ನಿಲ್ಲುವುದಿಲ್ಲ. ಎರಡನೇ ವರ್ಷದ ಜೂನಿನಲ್ಲಿ ಒಂದು ಬರೆಯ (ಕಡಿದಾದ ದಿಣ್ಣೆಯ) ಅಂಚಿನಲ್ಲಿ ಟ್ಯಾಂಕಿಗೆ ಗುಂಡಿ ತೆಗೆಯುತ್ತಿದ್ದೆ. "ಬಲದ ಕಾಲು ಇಳೀತಾ ಉಂಟು!" ಎಂದು ಹೆಲ್ಪರ್ ಕೂಗಿದ. ಅಗೆಯುವಾಗ ಗಾಡಿ ಅಲುಗಾಡದಂತೆ ನೆಲಕ್ಕೆ ಊರುವ ಕಬ್ಬಿಣದ ಕಾಲು ಅದು. ನನಗೆ ಒಳಗೆ ಗೊತ್ತೇ ಆಗಿರಲಿಲ್ಲ. ಬಕೆಟನ್ನು ನೆಲಕ್ಕೆ ಒತ್ತಿ ಹಿಡಿದದ್ದರಿಂದ 7 ಟನ್ ಮೀರಿದ ಗಾಡಿ ಮಗುಚದೆ ಉಳಿಯಿತು. ಅವನು ಹೊರಗೆ ನಿಂತು ನೋಡುತ್ತಿದ್ದದ್ದೇ ನನ್ನ ಜೀವ ಉಳಿಸಿತು. ಈಗ ಕಾಲಿನಡಿ ದಪ್ಪ ಹಲಗೆ ಇಡದೆ ಮೆತ್ತಗಿನ ನೆಲದಲ್ಲಿ ಕೆಲಸ ಶುರು ಮಾಡುವುದಿಲ್ಲ.

ಬೆಳಿಗ್ಗೆ ಗ್ರೀಸ್ ಹೊಡೆಯುವ ಕೆಲಸವನ್ನು ನೀವೇ ಕೇಳಿ ತೆಗೆದುಕೊಳ್ಳಿ. ಗ್ರೀಸ್ ಗನ್ ಒತ್ತಿದಾಗ ಕೀಲಿನ ಪಿನ್ನಿನ ಬದಿಯಿಂದ ಮೊದಲು ಕಪ್ಪಗೆ, ಮರಳು ಮರಳಾಗಿ ಹಳೆಯ ಗ್ರೀಸ್ ಬರುತ್ತದೆ. ಹೊಸದು ಕಾಣುವವರೆಗೆ ಒತ್ತಬೇಕು. ಹೈಡ್ರಾಲಿಕ್ ಪೈಪ್ ಸೋರುತ್ತಿದೆ ಎಂದು ಸಂಶಯ ಬಂದರೆ ಕೈಯಿಂದ ಮುಟ್ಟಿ ನೋಡಬೇಡಿ, ಆ ಪ್ರೆಷರಿಗೆ ಆಯಿಲ್ ಚರ್ಮದೊಳಗೇ ಹೋಗುತ್ತದೆ. ಒಂದು ರಟ್ಟು ಹಿಡಿದು ನೋಡಿ.

ಜೆಸಿಬಿ ರಸ್ತೆಯಲ್ಲಿ ಓಡುವ ಗಾಡಿ, ಲೈಸೆನ್ಸ್ ಬೇಕೇ ಬೇಕು. ಚಕ್ರದ ಬದಲು ಚೈನಿರುವ ಹಿಟಾಚಿ ಹಾಗಲ್ಲ, ರಸ್ತೆಯಲ್ಲಿ ಟ್ರೈಲರಿನ ಮೇಲೆ ಹೋಗುತ್ತದೆ. ಕೋರ್ಸ್ ವ್ಯರ್ಥವೆಂದಲ್ಲ. ದೊಡ್ಡ ಕಂಪೆನಿಗೋ ಗಲ್ಫಿಗೋ ಹೋಗುವಾಗ ಸರ್ಟಿಫಿಕೇಟ್ ಉಪಯೋಗಕ್ಕೆ ಬರುತ್ತದೆ, ಅದನ್ನು ಆಮೇಲೆ ಮಾಡಿದರೂ ಆಯಿತು.

ಇನ್ನೊಂದನ್ನು ಯಾರೂ ಹೇಳಿಕೊಡುವುದಿಲ್ಲ. ಕೇರಳದಲ್ಲಿ ಗದ್ದೆ ಉಳಿಸಲು 2008ರ ಕಾನೂನು ಉಂಟು. ಅನುಮತಿಯಿಲ್ಲದೆ ಗದ್ದೆ ತುಂಬಿಸುವಾಗ ಸಿಕ್ಕಿಬಿದ್ದರೆ ಗಾಡಿ ಸೀಜ್ ಆಗುತ್ತದೆ, ಸೀಟಿನಲ್ಲಿ ಕೂತವನಿಗೂ ಕೇಸಿನ ತಲೆಬಿಸಿ. ರಾತ್ರಿ ಕೆಲಸ, ಡಬ್ಬಲ್ ಸಂಬಳ ಎಂದು ಕರೆದರೆ ಜಾಗ ಯಾವುದೆಂದು ಕೇಳದೆ ಹೊರಡಬೇಡಿ.

ಮಳೆ ಬಿಟ್ಟು ಅಕ್ಟೋಬರ್ ಆಗುವಾಗ ಕೆಲಸ ಜೋರಾಗುತ್ತದೆ. ಆಗ ಹಳೆಯ ಆಪರೇಟರ್ ಇರುವ ಗಾಡಿಯನ್ನೇ ಹುಡುಕಿ ಸೇರಿ. ಮಧ್ಯಾಹ್ನ ಊಟದ ನಂತರ ಖಾಲಿ ಜಾಗದಲ್ಲಿ ಹತ್ತು ನಿಮಿಷ ಲಿವರ್ ಕೊಡುತ್ತಾರೋ ಎಂದು ಮೊದಲೇ ಕೇಳಿಕೊಳ್ಳಿ.